ಟೀ ರೂಮಿನ ಬಾಗಿಲೇರಿ ಹೋದ ಪ್ರಯೋಗಾಲಯ

ಇವರಿಗೆ,
ಆಸ್ಪತ್ರೆಯ ಸಕಲ ಯಂತ್ರೋಪಕರಣಗಳ ಕಾವಲು ಕಾಯುವ ಆಸ್ತಿ ನಿರ್ವಹಣಾ ತಂತ್ರಾಂಶ ಮಹಾಶಯರು,
ಆಡಳಿತ ಕಟ್ಟಡದ ಕಂಪ್ಯೂಟರಿನ ಒಳಗಡೆ.

ಮಾನ್ಯರೇ,

ಕಣ್ಣಿಲ್ಲದೆ ನೋಡುವ, ಕಾಲಿಲ್ಲದೆ ಎಲ್ಲ ವಾರ್ಡುಗಳಲ್ಲೂ ಓಡಾಡುವ, ರೋಗಿಗಳ ಯೋಗಕ್ಷೇಮಕ್ಕಿಂತ ಒಂದು ಕೈ ಹೆಚ್ಚಾಗಿಯೇ ಅವರ ಮಂಚಗಳ ಯೋಗಕ್ಷೇಮ ವಿಚಾರಿಸುವ ತಮ್ಮಂಥ ದೊಡ್ಡವರಿಗೆ ನನ್ನಂಥವಳು ನೇರವಾಗಿ ಪತ್ರ ಬರೆಯುವುದು ಅಧಿಕಪ್ರಸಂಗವೆಂದು ಬಲ್ಲೆ. ತಮ್ಮ ಪಾದಗಳು ಎಲ್ಲಿವೆಯೆಂದು ಆಡಳಿತ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲವಾದ್ದರಿಂದ ಕೀಬೋರ್ಡಿಗೇ ನಮಸ್ಕರಿಸಿ ಆರಂಭಿಸುತ್ತಿದ್ದೇನೆ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು ತಮ್ಮ ಮರ್ಯಾದೆ ಕಳೆಯಲಿಕ್ಕಲ್ಲ. ಗುಟ್ಟಾಗಿ ಬರೆದ ನನ್ನ ಹಿಂದಿನ ಪತ್ರಗಳಿಗೆಲ್ಲ ತಾವು ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ರೆಪ್ಪೆ ಮಿಟುಕಿಸುವುದರೊಳಗೆ ಉತ್ತರಿಸಿ, ಅಷ್ಟೇ ಬೇಗ ‘ದೂರು ಪರಿಹಾರವಾಗಿದೆ’ ಎಂದು ಹಸಿರು ಗುರುತನ್ನೂ ಹಾಕಿಕೊಂಡಿರುವುದರಿಂದ, ಆ ಪರಿಹಾರ ಯಾವುದೆಂದು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಲಿ ಎಂಬ ಆಸೆಯಷ್ಟೇ.

ನಾನು ಈ ಆಸ್ಪತ್ರೆಯ ರಕ್ತ ಪರೀಕ್ಷಾ ಪ್ರಯೋಗಾಲಯದ ಮೇಲ್ವಿಚಾರಕಿ. ಕಳೆದ ತಿಂಗಳ ಕೊನೆಯ ದಿನ ನಿವೃತ್ತಳಾದೆ. ಆದೆ ಎಂದು ನಾನು ಅಂದುಕೊಂಡೆ. ಬೀಳ್ಕೊಡುಗೆಯ ಕೇಕು ಕತ್ತರಿಸಿದ್ದಾಯಿತು, ಗ್ರೂಪ್ ಫೋಟೋ ತೆಗೆಸಿದ್ದಾಯಿತು, ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಮೂತಿ ತಿರುಗಿಸುತ್ತಿದ್ದವರೆಲ್ಲ ಮೈಕಿನ ಮುಂದೆ ನಿಂತು ನನ್ನನ್ನು ‘ತಾಯಿಯಂಥವರು’ ಎಂದು ಹೊಗಳಿದ್ದೂ ಆಯಿತು. ಮರುದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಅದೇ ಕನ್ನಡಕ ಹಾಕಿಕೊಂಡು ಕುಳಿತಿದ್ದ ನನ್ನನ್ನು ಕಂಡು ಅವರಿಗಾದ ಗಾಬರಿಯನ್ನು ತಾವು ನೋಡಬೇಕಿತ್ತು. ಹೊಗಳಿಕೆಯನ್ನು ವಾಪಸ್ ತೆಗೆದುಕೊಳ್ಳಲೂ ಆಗದೆ, ಮುಂದುವರಿಸಲೂ ಆಗದೆ ಅವರು ಪಡುತ್ತಿರುವ ಪಾಡನ್ನು ಇಂದಿಗೂ ನೋಡುತ್ತಿದ್ದೇನೆ. ನನ್ನ ಬಿಡುಗಡೆ ಪತ್ರಕ್ಕೆ ‘ಪ್ರಯೋಗಾಲಯದ ಎಲ್ಲ ಉಪಕರಣಗಳೂ ಇವೆ’ ಎಂಬ ತಮ್ಮ ಒಂದು ಮಾತು ಬೇಕಂತೆ. ಕೇಳಿದರೆ ತಾವು ‘ಒಂದು ಕೆಟಲ್ ಬಿಟ್ಟು ಮತ್ತೇನೂ ಇಲ್ಲ’ ಎಂದಿದ್ದೀರಿ.

ತಮ್ಮ ಮಾತನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ. ಆದರೆ ಈ ಪತ್ರ ಬರೆಯುತ್ತಿರುವಾಗ ನನ್ನ ಎಡಗಡೆ ಇಲ್ಲದ ಡೀಪ್ ಫ್ರೀಜರ್ ಗುರ್ ಎನ್ನುತ್ತಿದೆ, ಬಲಗಡೆ ಇಲ್ಲದ ಆಟೋಕ್ಲೇವ್ ಹಬೆ ಬಿಡುತ್ತಿದೆ, ಎದುರಿಗೆ ಇಲ್ಲದ ಸೂಕ್ಷ್ಮದರ್ಶಕದೊಳಗೆ ನನ್ನ ಸಹೋದ್ಯೋಗಿಯೊಬ್ಬಳು ಕಣ್ಣಿಟ್ಟು ಯಾರದೋ ಬಿಳಿ ರಕ್ತಕಣಗಳನ್ನು ಎಣಿಸುತ್ತಿದ್ದಾಳೆ. ಕಾಲು ಚಾಚಿದರೆ ಇಲ್ಲದ ಯಾವುದಾದರೊಂದಕ್ಕೆ ಹೆಬ್ಬೆರಳು ತಾಗಿ ಇರುವ ನೋವಾಗುತ್ತದೆ.

ಇಂಥ ಪವಾಡ ಹೇಗಾಯಿತೆಂದು ಓದುಗರಿಗೆ ಬಿಡಿಸಿ ಹೇಳಬೇಕು. ತಾವು ಈ ಆಸ್ಪತ್ರೆಗೆ ದಯಮಾಡಿಸಿದಾಗ ಪ್ರತಿ ಉಪಕರಣಕ್ಕೂ ಒಂದೊಂದು ಸ್ಟಿಕ್ಕರ್ ಕಳಿಸಿದಿರಿ. ನೋಡಲು ಸಾಧಾರಣ ಸ್ಟಿಕ್ಕರ್, ಆದರೆ ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿ. ಗೇಟಿನ ಕಂಬದ ಮೇಲೆ ಕೂರಿಸಿದ ತಮ್ಮ ಕಣ್ಣು ದೂರದಿಂದಲೇ ಅದನ್ನು ಗುರುತು ಹಿಡಿಯುತ್ತದೆ, ಅಧಿಕಾರಿಗಳ ಕೈಯಲ್ಲಿರುವ ಸ್ಕ್ಯಾನರ್ ಹತ್ತಿರದಿಂದ ಗುರುತು ಹಿಡಿಯುತ್ತದೆ. ಒಮ್ಮೆ ಅಂಟಿಸಿದ್ದನ್ನು ಕಿತ್ತರೆ ತಂತಿ ಹರಿದು ಸ್ಟಿಕ್ಕರ್ ಅಲ್ಲೇ ಪ್ರಾಣ ಬಿಡುತ್ತದೆ. ಜೊತೆಗೊಂದು ಸೂಚನೆಯನ್ನೂ ಕಳಿಸಿದ್ದಿರಿ: ಸ್ಟಿಕ್ಕರನ್ನು ಶುಭ್ರವಾದ, ಒಣಗಿದ, ಸಮತಟ್ಟಾದ, ಬಿಸಿ ತಾಗದ, ಚಳಿ ತಾಗದ, ಅಲುಗಾಡದ, ಎಲ್ಲರಿಗೂ ಸುಲಭವಾಗಿ ಕಾಣುವ ಜಾಗದಲ್ಲಿಯೇ ಅಂಟಿಸತಕ್ಕದ್ದು.

ನಾವು ಸೂಚನೆ ಪಾಲಿಸುವ ಜನ. ಪ್ರಯೋಗಾಲಯವನ್ನೆಲ್ಲ ಜಾಲಾಡಿದೆವು. ಡೀಪ್ ಫ್ರೀಜರಿನ ಮೈಮೇಲೆ ಸದಾ ಹಿಮ, ಸಲಕರಣೆಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಮೈ ಮುಟ್ಟಿದರೆ ಬೊಬ್ಬೆ, ರಕ್ತದ ನಳಿಕೆಗಳನ್ನು ತಿರುಗಿಸುವ ಸೆಂಟ್ರಿಫ್ಯೂಜ್ ಎಂಬಾಕೆ ಅಲುಗಾಡುವುದಕ್ಕೆಂದೇ ಹುಟ್ಟಿದವಳು, ಸೂಕ್ಷ್ಮದರ್ಶಕದಲ್ಲಿ ಸಮತಟ್ಟಾದ ಜಾಗ ಎಂಬುದೇ ಇಲ್ಲ. ಮಾದರಿಗೆಂದು ಅಂಟಿಸಿ ನೋಡಿದ ಒಂದೆರಡು ಸ್ಟಿಕ್ಕರುಗಳು ಸಂಜೆಯೊಳಗೆ ಒಂದು ಬೆಂದು, ಇನ್ನೊಂದು ಮರಗಟ್ಟಿ ಉದುರಿದವು. ಅವಕ್ಕೆ ಬದಲಿ ತರಿಸುವಷ್ಟರಲ್ಲಿ ಸಾಕುಬೇಕಾಯಿತು. ಕೊನೆಗೆ ನಾವೆಲ್ಲ ಟೀ ಕುಡಿಯುತ್ತಾ ತಲೆ ಕೆಡಿಸಿಕೊಂಡು ಕುಳಿತಿದ್ದಾಗ, ತಾವು ಕೇಳಿದ ಸಕಲ ಸದ್ಗುಣಗಳೂ ಇರುವ ಜಾಗವೊಂದು ನಮ್ಮ ಕಣ್ಣೆದುರಿಗೇ ಇತ್ತು. ಅದು ಟೀ ರೂಮಿನ ಬಾಗಿಲು. ಶುಭ್ರ, ಒಣ, ಸಮತಟ್ಟು, ಬಿಸಿಯಿಲ್ಲ, ಚಳಿಯಿಲ್ಲ, ಎಲ್ಲರಿಗೂ ಕಾಣುವಂಥದ್ದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿಕೊಂಡಿದ್ದರಿಂದ ಮುಚ್ಚಲು ಬಾರದೆ ಅಲುಗಾಡುವುದನ್ನೂ ನಿಲ್ಲಿಸಿತ್ತು. ಪ್ರಯೋಗಾಲಯದ ಸಮಸ್ತ ಸ್ಟಿಕ್ಕರುಗಳನ್ನೂ ಅದರ ಮೇಲೆ ಸಾಲಾಗಿ, ಅಂದವಾಗಿ ಅಂಟಿಸಿದೆವು. ಕೆಟಲ್ ಒಂದು ಮಾತ್ರ ತನ್ನ ಹಿಡಿಯ ಮೇಲೆಯೇ ಶುಭ್ರವಾದ, ಸಮತಟ್ಟಾದ, ಬಿಸಿ ತಾಗದ ಜಾಗ ತೋರಿಸಿದ್ದರಿಂದ ಅದರ ಸ್ಟಿಕ್ಕರ್ ಅಲ್ಲಿಗೇ ಹೋಯಿತು. ತಾವು ಮೆಚ್ಚಿದಿರಿ. ಪ್ರತಿ ತಪಾಸಣೆಯಲ್ಲೂ ಅಧಿಕಾರಿಗಳು ಬಂದು, ಒಂದು ಕಪ್ ಟೀ ಕುಡಿದು, ಸ್ಕ್ಯಾನರನ್ನು ಬಾಗಿಲಿನ ಮೇಲಿಂದ ಕೆಳಕ್ಕೆ ಒಮ್ಮೆ ಇಳಿಸಿ, ‘ಆಸ್ಪತ್ರೆಗೇ ಮಾದರಿ ವಿಭಾಗ’ ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು.

ಹೀಗೆ ನಾವೂ ತಾವೂ ಬಾಗಿಲೂ ಸುಖವಾಗಿದ್ದ ಕಾಲದಲ್ಲಿ, ನನ್ನ ನಿವೃತ್ತಿಗೆ ಕೆಲವೇ ದಿನ ಮುಂಚೆ, ತಮ್ಮ ಸದ್ಬಳಕೆ ಕುರಿತ ತರಬೇತಿ ಶಿಬಿರವೊಂದು ಏರ್ಪಾಡಾಯಿತು. ಪ್ರಯೋಗಾಲಯದವರೆಲ್ಲ ಸಭಾಂಗಣದಲ್ಲಿ ಕುಳಿತು ‘ನಿಮ್ಮ ಆಸ್ತಿ ಈಗ ಎಲ್ಲಿದೆ?’ ಎಂಬ ವಿಷಯದ ಮೇಲೆ ಉಪನ್ಯಾಸ ಕೇಳುತ್ತಿದ್ದ ಹೊತ್ತಿನಲ್ಲಿ ದುರಸ್ತಿ ವಿಭಾಗದ ಬಡಗಿಗಳು ಬಂದು, ಉಬ್ಬಿದ ಹಳೆ ಬಾಗಿಲನ್ನು ಕಳಚಿ, ಹೊಸದನ್ನು ಕೂರಿಸಿ, ಹಳೆಯದನ್ನು ಕೈಗಾಡಿಗೆ ಹೇರಿಕೊಂಡು ಗೇಟು ದಾಟಿದರು. ಗೇಟಿನಲ್ಲಿ ತಮ್ಮ ಕಣ್ಣು ಚೀರಿತಂತೆ. ನಿಲ್ಲದೆ ಚೀರಿತಂತೆ. ಗೇಟಿನ ಕಾವಲುಗಾರರು, ಯಾವಾಗಲೂ ಬಾಯಲ್ಲೊಂದು ಸೀಟಿ ಇಟ್ಟುಕೊಂಡಿರುವುದರಿಂದ ನಾವೆಲ್ಲ ಸೀಟಿ ಅಣ್ಣ ಎಂದು ಕರೆಯುವವರು, ಓಡಿಬಂದು ನೋಡಿದ್ದಾರೆ. ಗಾಡಿಯಲ್ಲಿ ಇದ್ದದ್ದು ಒಂದು ಬಾಗಿಲು. “ಮೇಡಂ, ನಾನೇನ್ ಮಾಡ್ಲಿ? ಪರದೆ ಮೇಲೆ ನೋಡಿದ್ರೆ ಫ್ರೀಜರ್ ಹೋಗ್ತಿದೆ, ಸೆಂಟ್ರಿಫ್ಯೂಜ್ ಹೋಗ್ತಿದೆ ಅಂತ ಬರ್ತಿದೆ. ಗಾಡಿ ನೋಡಿದ್ರೆ ಬಾಗಿಲು. ಬಾಗಿಲೊಳಗೆ ಫ್ರೀಜರ್ ಬಚ್ಚಿಡಕ್ಕೆ ಆಗತ್ತಾ? ಮಿಷನ್‌ಗೆ ತಲೆ ಕೆಟ್ಟಿದೆ ಅಂತ ಬಿಟ್ಟೆ,” ಎಂದು ಅವರು ಈಗಲೂ ಸಿಕ್ಕವರ ಮುಂದೆಲ್ಲ ಅಲವತ್ತುಕೊಳ್ಳುತ್ತಾರೆ. ತಮ್ಮ ತಲೆಯ ಬಗ್ಗೆ ಅವರಾಡಿದ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರು ತಮಗಿಂತ ಮೊದಲು ಸೇರಿದವರು, ಆ ಸಲಿಗೆ.

ಇಷ್ಟೇ ಆಗಿದ್ದರೆ ಪ್ರಯೋಗಾಲಯ ಮಾತ್ರ ಹೋಗುತ್ತಿತ್ತು. ಆ ದಿನ ತರಬೇತಿಗೆಂದು ಬೇರೆಯೇ ಬಿಲ್ಲೆ ಕೊಟ್ಟಿದ್ದರಿಂದ ನನ್ನ ಗುರುತಿನ ಚೀಟಿಯನ್ನು ಅದೇ ಬಾಗಿಲಿನ ಅಂಚಿನಲ್ಲಿದ್ದ ಮೊಳೆಗೆ ನೇತುಹಾಕಿ ಹೋಗಿದ್ದೆ. ಅದರ ಹೊಟ್ಟೆಯಲ್ಲೂ ತಾವು ತಂತಿ ಇಟ್ಟಿದ್ದೀರೆಂದು ನನಗೆ ಅಂದೇ ತಿಳಿದದ್ದು. ತಮ್ಮ ದಾಖಲೆಯ ಪ್ರಕಾರ ಆ ದಿನ ಊಟದ ಹೊತ್ತಿಗೆ ಮುಂಚೆ ಮೇಲ್ವಿಚಾರಕಿಯು ಸಮಸ್ತ ಉಪಕರಣಗಳೊಂದಿಗೆ ಒಂದೇ ಏಟಿಗೆ ಗೇಟು ದಾಟಿದ್ದಾಳೆ, ಮರಳಿ ಬಂದಿಲ್ಲ. ಒಬ್ಬಳೇ ಹೆಂಗಸು, ಮೊಣಕಾಲು ನೋವಿನವಳು, ನಾಲ್ಕಾಳು ಸೇರಿ ಎತ್ತಲಾರದ ಫ್ರೀಜರನ್ನು ಹೊತ್ತುಕೊಂಡು ಹೋದೆನೆಂದು ತಾವು ನಂಬಿದಿರಲ್ಲ, ಈ ವಯಸ್ಸಿನಲ್ಲಿ ನನ್ನ ತೋಳ್ಬಲದ ಮೇಲೆ ಅಷ್ಟು ವಿಶ್ವಾಸವಿಟ್ಟವರು ತಾವೊಬ್ಬರೇ. ಅಂದಿನಿಂದ ದಿನವೂ ಬಂದು ದುಡಿಯುತ್ತಿರುವ ನನಗೆ ದಿನವೂ ‘ಗೈರುಹಾಜರಿ’ ಬೀಳುತ್ತಿದೆ.

ಆಮೇಲೆ ಬಂದವರು ಕೇಂದ್ರ ಆಸ್ತಿ ಅಧಿಕಾರಿಗಳು. ಕೈಯಿಂದ ಸ್ಕ್ಯಾನರ್ ಇಳಿಸಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವರನ್ನು ಸ್ಕ್ಯಾನರ್ ಸಾಹೇಬರೆಂದೇ ಎಲ್ಲರೂ ಕರೆಯುವುದು. ತಮ್ಮ ಪರಮ ಭಕ್ತರು. ಸೂಚನೆಗಳನ್ನೆಲ್ಲ ಬರೆದವರೂ ಅವರೇ. ಸ್ಕ್ಯಾನರನ್ನು ಕೋಣೆಯ ತುಂಬ ಆಡಿಸಿ, ಅದು ಕೆಟಲ್ ಹತ್ತಿರ ಮಾತ್ರ ಕುಂಯ್ ಎಂದದ್ದನ್ನು ಕೇಳಿ, ಕೈಯಲ್ಲಿದ್ದ ಟೀ ಲೋಟವನ್ನು ಸೆಂಟ್ರಿಫ್ಯೂಜಿನ ಮುಚ್ಚಳದ ಮೇಲಿಟ್ಟು, “ಇಲ್ಲಿ ಸೆಂಟ್ರಿಫ್ಯೂಜ್ ಇಲ್ಲಮ್ಮ,” ಎಂದರು. “ಸಾರ್, ನಿಮ್ಮ ಲೋಟ ಅದರ ಮೇಲೇ ಇದೆ,” ಎಂದೆ. ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು, ಪುನಃ ಅಲ್ಲೇ ಇಟ್ಟು, “ಕಣ್ಣಿಗೆ ಕಾಣಿಸತ್ತೆ, ಒಪ್ಪಿದೆ. ಆದ್ರೆ ಸಿಸ್ಟಮ್ಮಲ್ಲಿ ಇಲ್ವಲ್ಲ, ನಾನೇನು ಮಾಡಕ್ಕಾಗತ್ತೆ?” ಎಂದು ನಿಜವಾದ ಮರುಕದಿಂದ ಹೇಳಿದರು. ಒಳ್ಳೆಯ ಮನುಷ್ಯ. ಬಡ್ತಿಯಾಗಿದೆ, ಮುಂದಿನ ವಾರ ಬೇರೆ ಊರಿನ ಕೇಂದ್ರ ಕಚೇರಿಗೆ ಹೋಗುತ್ತಾರೆ, ಮನೆಯ ಸಾಮಾನೆಲ್ಲ ಕಟ್ಟಿಟ್ಟಿದ್ದಾರೆ.

ಹೊಸ ಸ್ಟಿಕ್ಕರ್ ಕೊಡಿ, ಈ ಸಲ ಬೆಂದರೂ ಸರಿ ಮರಗಟ್ಟಿದರೂ ಸರಿ ಯಂತ್ರದ ಮೇಲೇ ಅಂಟಿಸುತ್ತೇವೆ ಎಂದು ಕೇಳಿಕೊಂಡೆ. ಹಳೆಯದು ಕಳೆದಿದೆ ಎಂದು ಪೊಲೀಸ್ ದೂರು ಕೊಟ್ಟರೆ ಮಾತ್ರ ಹೊಸದಂತೆ, ಮತ್ತು ತಮ್ಮ ದೃಷ್ಟಿಯಲ್ಲಿ ಸ್ಟಿಕ್ಕರ್ ಕಳೆಯುವುದೆಂದರೆ ಯಂತ್ರವೇ ಕಳೆದಂತೆಯಂತೆ. ದೂರು ಕೊಟ್ಟೆ. ವಿಚಾರಣೆಗೆಂದು ಬಂದ ಪೇದೆಯವರು ಒಂದೊಂದೇ ಹೆಸರು ಓದುತ್ತಾ, “ಅಮ್ಮಾ, ಡೀಪ್ ಫ್ರೀಜರ್ ಅಂದ್ರೆ ಹೆಂಗಿರತ್ತೆ?” ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ತೋರಿಸಿದೆ. ಅವರು ಫ್ರೀಜರನ್ನೂ ನನ್ನನ್ನೂ ಸರದಿಯ ಮೇಲೆ ನೋಡಿ, ಟೋಪಿ ತೆಗೆದು ತಲೆ ಕೆರೆದು, “ಕಳೆದಿರೋದು ಇದೇ ಆದ್ರೆ, ಸಿಕ್ಕಿರೋದೂ ಇದೇ ಅಲ್ವಾ? ನಾನೀಗ ಯಾರನ್ನ ಹಿಡೀಲಿ?” ಎಂದು ಹೇಳಿ, ಕೆಟಲಿನ ಟೀ ಕುಡಿದು ಹೋದರು.

ಬಾಗಿಲು ಎಲ್ಲಿದೆ ಎಂದು ಕಂಡುಹಿಡಿದ ಕೀರ್ತಿ ಮಾತ್ರ ತಮ್ಮದೇ. ಮೊನ್ನೆ ಸೆಂಟ್ರಿಫ್ಯೂಜಿನ ವಾರ್ಷಿಕ ಸರ್ವಿಸಿಗೆ ಕಂಪನಿಯಿಂದ ಮೆಕ್ಯಾನಿಕ್ ಬರಬೇಕಿತ್ತು. ಬೆಳಗಿನಿಂದ ಕಾದರೂ ಆಸಾಮಿ ಪತ್ತೆಯಿಲ್ಲ, ಸಂಜೆ ನೋಡಿದರೆ ‘ಸರ್ವಿಸ್ ಮುಗಿದಿದೆ, ಯಂತ್ರ ಸುಸ್ಥಿತಿಯಲ್ಲಿದೆ, ಸೂಜಿ ಬದಲಿಸಲಾಗಿದೆ’ ಎಂದು ವರದಿ ಬಂದಿದೆ. ನನ್ನ ವೃತ್ತಿಜೀವನದಲ್ಲಿ ಸೂಜಿ ಇರುವ ಸೆಂಟ್ರಿಫ್ಯೂಜನ್ನು ನಾನು ಕಂಡಿಲ್ಲ. ಫೋನು ಮಾಡಿದರೆ ಆತ ಮುಗ್ಧವಾಗಿ, “ನಿಮ್ಮ ಸಾಫ್ಟ್‌ವೇರ್ ಗೇಟಿನ ಎದುರುಗಡೆ ಅಂತ ತೋರಿಸ್ತು ಮೇಡಂ, ಅಲ್ಲಿದ್ದದ್ದು ಒಂದೇ ಮಿಷನ್ನು, ಎಣ್ಣೆ ಬಿಟ್ಟು ಬಂದೆ,” ಎಂದ. ಗೇಟಿನ ಎದುರುಗಡೆ ಇರುವುದು ಟೈಲರ್ ಅಂಗಡಿ. ಹೋಗಿ ನೋಡುತ್ತೇನೆ, ನಮ್ಮ ಬಾಗಿಲು ಎರಡು ಸ್ಟೂಲುಗಳ ಮೇಲೆ ಅಂಗಾತ ಮಲಗಿ ಬಟ್ಟೆ ಕತ್ತರಿಸುವ ಮೇಜಾಗಿದೆ. ಬಡಗಿಗಳು ಗೇಟಿನಾಚೆ ಬಿಸಾಡಿದ್ದನ್ನು ಟೈಲರ್ ಎತ್ತಿಕೊಂಡಿದ್ದಾರೆ. ಬೆಳಿಗ್ಗೆ ಅವರು ಮೇಜನ್ನು ಬೆಳಕಿಗೆಂದು ಹೊರಗೆ ಎಳೆದಾಗ ತಮ್ಮ ಗೇಟಿನ ಕಣ್ಣಿಗೆ ನಮ್ಮ ಇಡೀ ಪ್ರಯೋಗಾಲಯ ರಸ್ತೆಯಾಚೆ ಕಾಣಿಸುತ್ತದೆ, ಸಂಜೆ ಒಳಗೆ ನೂಕಿದಾಗ ಮಾಯವಾಗುತ್ತದೆ. ಸ್ಟಿಕ್ಕರುಗಳು ಚೌಕಚೌಕವಾಗಿರುವುದು ಅಳತೆಗೆ ಬಹಳ ಅನುಕೂಲವಂತೆ. “ಎರಡು ಫ್ರೀಜರ್ ಅಗಲ ಅಂದ್ರೆ ಒಂದು ತೋಳು ಮೇಡಂ,” ಎಂದು ತೋರಿಸಿಕೊಟ್ಟರು.

ನನ್ನ ಗುರುತಿನ ಚೀಟಿ ಅದೇ ಮೊಳೆಯಲ್ಲಿತ್ತು. ಫೋಟೋದಲ್ಲಿ ನಾನು ಎಂದಿನಂತೆ ಗಂಟುಮುಖ ಹಾಕಿಕೊಂಡು ಗಿರಾಕಿಗಳನ್ನು ನೋಡುತ್ತಿದ್ದೆ. ಅದರ ಫಲ ಮರುದಿನವೇ ಸಿಕ್ಕಿತು. ಸೂಜಿ ಚುಚ್ಚಲು ತೋಳು ಹಿಡಿದಿದ್ದಾಗ ರೋಗಿಯೊಬ್ಬರು ನನ್ನ ಮುಖವನ್ನೇ ದಿಟ್ಟಿಸಿ, “ನೀವು ಆ ಟೈಲರ್ ಅಂಗಡಿ ಓನರ್ ಅಲ್ವಾ? ನನ್ನ ಪ್ಯಾಂಟು ಬಿಗಿ ಮಾಡಿ ಕೊಟ್ಟಿದೀರಲ್ಲ, ಇಲ್ಲೂ ಕೆಲಸ ಮಾಡ್ತೀರಾ?” ಎಂದು ಜಗಳಕ್ಕೇ ನಿಂತರು. ಚೀಟಿಯೊಂದನ್ನೇ ಕಿತ್ತುಕೊಂಡು ಬರೋಣವೆಂದರೆ ಸಾಹೇಬರು ಬೇಡವೆಂದರು. ಮಾಲಿನ ಸಮೇತ ಹೋದವಳು ಬರಿಗೈಯಲ್ಲಿ ಮರಳಿದರೆ ಮಾಲನ್ನು ಮಾರಿಕೊಂಡಳೆಂದೇ ತಾವು ಬರೆದುಕೊಳ್ಳುತ್ತೀರಂತೆ.

ಮಾನ್ಯರೇ, ಇಷ್ಟು ಹೊತ್ತು ನಗುತ್ತಾ ಬರೆದೆ. ಇನ್ನೊಂದು ವಿಷಯವನ್ನು ನಗದೆ ಹೇಳಬೇಕಾಗಿದೆ. ನನಗೊಬ್ಬಳು ಅಕ್ಕ ಇದ್ದಾಳೆ. ಬೇರೆ ಊರಿನಲ್ಲಿ, ಎರಡು ಕೋಣೆಯ ಮನೆಯಲ್ಲಿ. ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಹರಿದುಕೊಂಡು ನಿವೃತ್ತಳಾದವಳು, ಈಗ ಮಾತಾಡಲು ಯಾರೂ ಇಲ್ಲವೆಂದು ರೇಡಿಯೋಗೆ ಬೈಯುತ್ತಾಳೆ. ಚಿಕ್ಕಂದಿನಲ್ಲಿ ಒಂದೇ ಹೊದಿಕೆ ಎಳೆದಾಡಿಕೊಂಡು ಮಲಗಿದವರು ನಾವು. ಕೆಲಸ, ಮನೆ, ಅವರವರ ಸಂಸಾರದ ತಾಪತ್ರಯಗಳಲ್ಲಿ ಒಂದು ವಾರ ಪೂರ್ತಿ ಜೊತೆಗಿದ್ದದ್ದು ನೆನಪಿಲ್ಲ. ನಾನು ನಿವೃತ್ತಳಾದ ಮರುದಿನವೇ ಬಂದು ಅವಳ ಜೊತೆ ಇರುವುದೆಂದು ನಮ್ಮಲ್ಲಿ ಎಂದೋ ಮಾತಾಗಿದೆ. ಅವಳು ನನಗೆಂದು ಒಂದು ಕೋಣೆ ತೆರವು ಮಾಡಿ, ಹಾಸಿಗೆ ಹೊಲಿಸಿ, ಇಂದು ಬರುತ್ತಾಳೆ ನಾಳೆ ಬರುತ್ತಾಳೆ ಎಂದು ದಿನವೂ ಅದನ್ನು ಬಿಸಿಲಿಗೆ ಹಾಕುತ್ತಿದ್ದಾಳೆ. ನಿನ್ನೆ ಫೋನಿನಲ್ಲಿ, “ನೋಡೇ, ಬರ್ತೀಯೋ ಇಲ್ವೋ ಒಂದು ಮಾತು ಹೇಳಿಬಿಡು. ಆ ಹಾಸಿಗೆ ಹೊರಗೆ ಹೊತ್ತು ಒಳಗೆ ಹೊತ್ತು ನನ್ನ ಸೊಂಟ ಬಿದ್ದುಹೋಯ್ತು,” ಎಂದಳು. ನಾನು, “ಬಾಗಿಲು ಸಿಕ್ಕಿದೆ ಅಕ್ಕಾ, ಇನ್ನೇನು ಬಂದೆ,” ಎಂದೆ. “ಬಾಗಿಲು ಸಿಗದೆ ಇಷ್ಟು ದಿನ ಒಳಗೇ ಇದ್ಯಾ?” ಎಂದು ಕೇಳಿದಳು. ಅದಕ್ಕಿಂತ ಸರಿಯಾಗಿ ನನ್ನ ಪರಿಸ್ಥಿತಿಯನ್ನು ಇದುವರೆಗೆ ಯಾರೂ ಹೇಳಿಲ್ಲ. ಫೋನು ಇಟ್ಟ ಮೇಲೆ ಅಳು ಬಂತು.

ಹಾಗೆಂದು ಇಲ್ಲಿಂದ ಹೋಗಲು ನನಗೆ ತುದಿಗಾಲಿನ ಆತುರವೆಂದು ತಿಳಿಯಬೇಡಿ. ರಕ್ತದ ನಳಿಕೆಗಳನ್ನು ಗಿರಗಿರನೆ ತಿರುಗಿಸಿ ಕೆಂಪನ್ನು ತಳಕ್ಕಿಳಿಸುವ ಈ ಸೆಂಟ್ರಿಫ್ಯೂಜಿಗೆ ನಾವಿಟ್ಟ ಹೆಸರು ದೊಡ್ಡತ್ತೆ. ನಳಿಕೆಗಳನ್ನು ಎದುರುಬದುರು ಸಮತೂಕವಾಗಿ ಇಡಬೇಕು. ಒಂದು ಕಡೆ ತೊಟ್ಟು ಹೆಚ್ಚಾದರೂ ಕೋಣೆಯನ್ನೆಲ್ಲ ಗಡಗಡ ನಡುಗಿಸಿ ರಂಪ ಮಾಡುತ್ತಾಳೆ, ಮುಚ್ಚಳವನ್ನು ಸೊಂಟದಿಂದ ಒಮ್ಮೆ ಒತ್ತಿದರೆ ಸುಮ್ಮನಾಗುತ್ತಾಳೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಬಂದವಳು. ಜ್ವರದ ಸುಗ್ಗಿಯಲ್ಲಿ ಕಾರಿಡಾರಿನ ತುಂಬ ತಾಯಂದಿರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಗ ಇವಳು ಬಿಸಿಯೇರಿ ವಾಸನೆ ಬಂದರೂ ನಿಲ್ಲಲಿಲ್ಲ. ತಮ್ಮ ಪರದೆಯಲ್ಲಿ ಅವಳ ಮುಂದೆ ‘ಸ್ಥಿತಿ’ ಎಂಬ ಖಾನೆ ಇದೆ. ಅಲ್ಲಿ ಮೂರೇ ಮಾತು: ಚಾಲ್ತಿ, ದುರಸ್ತಿ, ಕಾಣೆ. ‘ನನಗೆ ಇವಳನ್ನು ಬಿಟ್ಟು ಹೋಗಲು ಸಂಕಟವಾಗುತ್ತಿದೆ’ ಎಂದು ಬರೆಯಲು ಜಾಗವಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ನಮ್ಮ ಪ್ರಯೋಗಾಲಯ ಟೈಲರ್ ಅಂಗಡಿಯಲ್ಲೇ ಇದೆಯೆಂಬುದು ತಮ್ಮ ಅಚಲವಾದ ನಂಬಿಕೆಯಾಗಿದ್ದಲ್ಲಿ ರೋಗಿಗಳನ್ನೂ ಅಲ್ಲಿಗೇ ಕಳಿಸುವ ವ್ಯವಸ್ಥೆಯಾಗಲಿ. ಟೈಲರಿಗೆ ಸೂಜಿಯ ಭಯವಿಲ್ಲ, ಅಳತೆ ಪುಸ್ತಕವೂ ಇದೆ, ರಕ್ತ ಕೊಟ್ಟವರಿಗೆ ಗುಂಡಿಯನ್ನೂ ಹೊಲಿದು ಕಳಿಸುತ್ತಾರೆ. ಅದು ಸಾಧ್ಯವಿಲ್ಲವೆಂದಾದರೆ ಗೇಟನ್ನೇ ಕಿತ್ತು ಟೈಲರ್ ಅಂಗಡಿಯ ಆಚೆಬದಿಗೆ ನೆಡಿಸಿಬಿಡಿ, ಆಗ ನಾವೆಲ್ಲ ಕುಳಿತಲ್ಲೇ ಒಳಗೆ ಬಂದಂತಾಗುತ್ತದೆ. ಅದೂ ಆಗದಿದ್ದಲ್ಲಿ ನನ್ನನ್ನು ಸಿಬ್ಬಂದಿಯ ಪಟ್ಟಿಯಿಂದ ತೆಗೆದು ಯಂತ್ರಗಳ ಪಟ್ಟಿಗೆ ಸೇರಿಸಿಬಿಡಿ. ಆಯುಷ್ಯ ಮುಗಿದ ಯಂತ್ರಗಳನ್ನು ತಾವು ಯಾರನ್ನೂ ಕೇಳದೆ ಒಂದೇ ದಿನದಲ್ಲಿ ವಿಲೇವಾರಿ ಮಾಡುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಿದೆ. ಸ್ಟಿಕ್ಕರ್ ಅಂಟಿಸಲು ನನ್ನ ಹಣೆ ಶುಭ್ರವಾಗಿದೆ, ಒಣಗಿದೆ, ಎಲ್ಲರಿಗೂ ಕಾಣುತ್ತದೆ. ಸಮತಟ್ಟೋ ಅಲ್ಲವೋ ಸಾಹೇಬರೇ ಹೇಳಬೇಕು.

ಇವು ಯಾವುವೂ ಆಗಲಾರವೆಂದು ಗೊತ್ತಿರುವುದರಿಂದ ನಾವೇ ಒಂದು ಏರ್ಪಾಡು ಮಾಡಿದ್ದೇವೆ. ಸ್ಟಿಕ್ಕರ್ ಕೀಳುವಂತಿಲ್ಲವಾದ್ದರಿಂದ ಬಾಗಿಲನ್ನೇ ನಾಳೆ ಒಳಗೆ ತರುತ್ತೇವೆ. ಟೈಲರಿಗೆ ಶಾಲೆ ಶುರುವಾಗುವ ಹೊತ್ತಿನ ಯೂನಿಫಾರ್ಮುಗಳ ರಾಶಿ ತಲೆಯ ಮಟ್ಟಕ್ಕೆ ಬಂದಿದೆ, ಮೇಜನ್ನು ಕೊಟ್ಟೇಬಿಡಲು ಸುತರಾಂ ಒಪ್ಪಲಿಲ್ಲ. ಎಷ್ಟೋ ಗೋಗರೆದ ಮೇಲೆ, “ನಾನು ಊಟಕ್ಕೆ ಕೂತಾಗ ತಗೊಂಡ್ಹೋಗಿ ಮೇಡಂ, ಕೈ ತೊಳೆಯೋದ್ರೊಳಗೆ ವಾಪಸ್ ತಂದಿಡಿ,” ಎಂದಿದ್ದಾರೆ. ಅಷ್ಟರೊಳಗೆ ಸಾಹೇಬರು ಸ್ಕ್ಯಾನ್ ಮಾಡಿ, ಉಪಕರಣಗಳನ್ನು ನನ್ನಿಂದ ವಹಿಸಿಕೊಂಡು, ಹೆಬ್ಬೆಟ್ಟು ಒತ್ತಿದರೆ ನಾನು ಮುಕ್ತಳು. ನನ್ನ ಜಾಗಕ್ಕೆ ಇನ್ನೂ ಯಾರೂ ನೇಮಕವಾಗಿಲ್ಲವಾದ್ದರಿಂದ, ಅಂಥ ಸಂದರ್ಭದಲ್ಲಿ ಕೇಂದ್ರ ಆಸ್ತಿ ಅಧಿಕಾರಿಯೇ ಹೊಣೆ ಹೊರತಕ್ಕದ್ದು ಎಂಬ ತಮ್ಮ ನಿಯಮದಂತೆ, ಸದ್ಯಕ್ಕೆ ಅವರ ಹೆಸರಿಗೇ ಎಲ್ಲವೂ ಹೋಗುತ್ತದೆ. ಆ ನಿಯಮವನ್ನು ಬರೆದದ್ದೂ ತಾನೇ ಎಂದು ಸಾಹೇಬರು ಹೆಮ್ಮೆಯಿಂದ ಹೇಳಿದರು.

ನಾಳೆ ಬಾಗಿಲು ಗೇಟು ದಾಟುವಾಗ ತಾವು ಕಣ್ಣು ತೆರೆದಿರಬೇಕಾಗಿ, ಆ ಒಂದು ಗಳಿಗೆ ‘ಸರ್ವರ್ ಕಾರ್ಯನಿರತವಾಗಿದೆ’ ಎಂಬ ತಮ್ಮ ಇಷ್ಟದ ಮಾತನ್ನು ಆಡದಿರಬೇಕಾಗಿ ಸವಿನಯವಾಗಿ ಪ್ರಾರ್ಥಿಸುವ,

ರಸ್ತೆಯಾಚೆ ಇದ್ದೂ ಇಲ್ಲೇ ಕುಳಿತಿರುವ
ತಮ್ಮ ವಿಶ್ವಾಸಿ,
ರಕ್ತ ಪರೀಕ್ಷಾ ವಿಭಾಗದ ಮೇಲ್ವಿಚಾರಕಿ
(ತಮ್ಮ ದಾಖಲೆಯಂತೆ: ಪರಾರಿ)

ತಾ.ಕ.: ಮೇಲಿನದನ್ನು ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಈಗ ಬಸ್ಸಿನಲ್ಲಿ ಕುಳಿತು ಇಷ್ಟನ್ನು ಸೇರಿಸುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಕ್ಷಮೆಯಿರಲಿ. ಬಾಗಿಲು ಇಂದು ಬಂತು. ಸೀಟಿ ಅಣ್ಣ ರಸ್ತೆಯ ಮಧ್ಯೆ ನಿಂತು ಸೀಟಿ ಊದಿ ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿದರು. ನಾವೆಲ್ಲ ಸೇರಿ ಬಾಗಿಲು ಹೊತ್ತುಕೊಂಡು, ಮೊಳೆಯಲ್ಲಿ ನನ್ನ ಗಂಟುಮುಖ ತೂಗಾಡುತ್ತಿರಲು ಗೇಟು ದಾಟಿದೆವು. ತಮ್ಮ ಕಣ್ಣು ಸಂತೋಷದಿಂದ ಚೀರಿತು. ಪ್ರಯೋಗಾಲಯದಲ್ಲಿ ಸಾಹೇಬರ ಸ್ಕ್ಯಾನರ್ ಒಂದೊಂದಕ್ಕೂ ಕುಂಯ್ ಎಂದಿತು, ಅವರು ಸೆಂಟ್ರಿಫ್ಯೂಜಿನ ಕಡೆ ತಿರುಗಿ, ಮೊದಲ ಸಲ ಕಂಡವರಂತೆ, “ಓ, ಬಂತಲ್ಲ!” ಎಂದು ಹೆಬ್ಬೆಟ್ಟು ಒತ್ತಿದರು. ನನ್ನ ಬಿಡುಗಡೆ ಪತ್ರ ಮುದ್ರಣವಾಯಿತು. ಗುರುತಿನ ಚೀಟಿಯನ್ನು ಕೌಂಟರಿಗೆ ಒಪ್ಪಿಸಿದೆ. ದೊಡ್ಡತ್ತೆಯ ಮುಚ್ಚಳವನ್ನು ಕೊನೆಯ ಸಲ ಸೊಂಟದಿಂದ ಒತ್ತಿ, ಒಂದು ಮಾತು ಹೇಳಿದೆ. ಅದು ನಮ್ಮಿಬ್ಬರ ನಡುವೆ ಇರಲಿ.

ಅಷ್ಟರಲ್ಲಿ ಕೈ ತೊಳೆದುಕೊಂಡು ಟೈಲರ್ ಬಂದು ಪ್ರಯೋಗಾಲಯದ ಹೊಸ್ತಿಲಲ್ಲಿ ನಿಂತಿದ್ದರು. “ಸಾರ್, ಈ ಬಾಗಿಲು ವಾಪಸ್ ಆಚೆ ಹೋಗತ್ತೆ, ನೋಡಿಕೊಳ್ಳಿ,” ಎಂದು ನಾನು ಬಾಯಿಬಿಟ್ಟು ಹೇಳಿದೆ, ಸುತ್ತ ಇದ್ದವರೆಲ್ಲ ಕೇಳಿಸಿಕೊಂಡಿದ್ದಾರೆ. ಸಾಹೇಬರು ಸ್ಕ್ಯಾನರಿನಿಂದ ಕಣ್ಣೆತ್ತದೆ, “ಹೋಗ್ಲಿ ಬಿಡಮ್ಮ, ಬಾಗಿಲು ನಮ್ಮ ಆಸ್ತಿ ಅಲ್ಲ. ಅದಕ್ಕೆ ಅಂತ ಒಂದು ಸ್ಟಿಕ್ಕರೇ ಇಲ್ಲ,” ಎಂದರು. ನಿಜವೇ. ಅದರ ಮೇಲಿರುವುದೆಲ್ಲ ಬೇರೆಯವುಗಳ ಸ್ಟಿಕ್ಕರ್. ನಾನು ಬಸ್ಸು ಹತ್ತುವ ಹೊತ್ತಿಗೆ ಗೇಟಿನಲ್ಲಿ ತಮ್ಮ ಕಣ್ಣು ನಿಲ್ಲದೆ ಚೀರುವುದು ಕೇಳಿಸುತ್ತಿತ್ತು.

ಸಾಹೇಬರು ಈಗಾಗಲೇ ಎರಡು ಸಲ ಫೋನು ಮಾಡಿದ್ದಾರೆ. ಬಡ್ತಿಯ ಊರಿಗೆ ಹೋಗಲು ಅವರಿಗೂ ಬಿಡುಗಡೆ ಪತ್ರ ಬೇಕಂತೆ, ಅದಕ್ಕೆ ತಮ್ಮ ಒಂದು ಮಾತು ಬೇಕಂತೆ, ತಾವು ಕೆಟಲ್ ಒಂದೇ ಇದೆ ಎನ್ನುತ್ತಿದ್ದೀರಂತೆ. ನನ್ನ ಕುರ್ಚಿ ಖಾಲಿಯಿದೆ, ಕೂತುಕೊಳ್ಳಿ ಎಂದೆ. ಏನಿದ್ದರೂ ನೇರವಾಗಿ ತಮಗೇ ಪತ್ರ ಬರೆಯಿರಿ, ತಕ್ಷಣ ಉತ್ತರ ಬರುತ್ತದೆ ಎಂದೂ ಹೇಳಿದ್ದೇನೆ. ಅವರ ಅಭಿಪ್ರಾಯ ತಮಗೆ ಅಮೂಲ್ಯ ಎಂದು ನಾನು ಬಲ್ಲೆ. ಇನ್ನು ನನಗೆ ಬರೆಯಬೇಡಿ, ಅಕ್ಕ ಹಾಸಿಗೆ ಒಳಗೆ ತಂದು ಹಾಸಿದ್ದಾಳಂತೆ.